ಹೊಸ ಅಧಿಕಾರಿಯೂ ಹಳೆಯ ದುಭಾಷಿಯೂ: ಗಣಕಯಂತ್ರದ ಡ್ರೈವರುಗಳ ವಿಷಯವಾಗಿ ಒಂದು ಪಾಠ

ಒಂದು ಯಂತ್ರವನ್ನು ನಡೆಯಿಸಬಲ್ಲವರೆಲ್ಲರೂ ಅದರ ಸ್ವಭಾವವನ್ನು ಬಲ್ಲವರೆಂದು ಹೇಳಲಾಗದು. ಹೊಲಿಗೆಯ ಯಂತ್ರವನ್ನು ತುಳಿಯಬಲ್ಲವರು ಅನೇಕರು. ದಾರವು ಪದೇ ಪದೇ ಕಡಿಯುವುದಕ್ಕೆ ಸೂಜಿ ಕಾರಣವೋ, ಉಂಡೆಯ ಬಿಗಿತ ಕಾರಣವೋ ಎಂದು ನೋಡಿ ಸರಿಪಡಿಸಬಲ್ಲವರು ಕೆಲವರೇ. ಈಗ ನಮ್ಮ ಮನೆಗಳಲ್ಲಿ ಹೊಲಿಗೆಯ ಯಂತ್ರದಷ್ಟೇ ಸಾಮಾನ್ಯವಾಗಿರುವ ಗಣಕಯಂತ್ರದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ.

2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿಗೆ ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. 2015ನೆಯ ಇಸವಿ ಜುಲೈಯಲ್ಲಿ ಹೊರಬಂದು ಹತ್ತು ವರ್ಷ ಸೇವೆ ಮಾಡಿದ ಆ ವ್ಯವಸ್ಥೆಯನ್ನು ಬಿಟ್ಟು ಅನೇಕ ಕುಟುಂಬಗಳವರು ವಿಂಡೋಸ್ 11ಕ್ಕೆ ಬದಲಾಯಿಸಿಕೊಂಡರು. ಇಂಥ ದೊಡ್ಡ ಬದಲಾವಣೆಯಾದ ಮರುದಿನ ಕೆಲವು ಮನೆಗಳಲ್ಲಿ ಪ್ರಿಂಟರ್ ಮೂಕವಾಗುವುದು. ಕೆಲವು ಕಡೆ ಧ್ವನಿ ಅಡಗುವುದು. ಮತ್ತೆ ಕೆಲವು ಕಡೆ ವೈಫೈ ಕಾಣದೆ ಹೋಗುವುದು. ಆಗ ಯಜಮಾನರು ಯಂತ್ರ ಕೆಟ್ಟಿತೆಂದು ನಿಶ್ಚಯಿಸಿ ಹೊಸದನ್ನು ಕೊಳ್ಳಲು ಹೊರಡುವರು, ಇಲ್ಲವೆ ಪರದೆಯ ಮೇಲೆ ಕಾಣುವ ಯಾವುದೋ ದೂರವಾಣಿ ಸಂಖ್ಯೆಗೆ ಕರೆಮಾಡಿ ಹಣ ಕಳೆದುಕೊಳ್ಳುವರು. ನಿನ್ನೆಯ ವರೆಗೆ ಕೆಲಸ ಮಾಡಿ, ವ್ಯವಸ್ಥೆ ಬದಲಾದ ದಿನವೇ ನಿಂತ ಉಪಕರಣವು ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ಅದರ ಮಾತು ಯಂತ್ರಕ್ಕೆ ತಿಳಿಯದೆ ಹೋಗಿರುತ್ತದೆ, ಅಷ್ಟೇ. ಇದನ್ನು ಅರಿತು ಕ್ರಮವಾಗಿ ಪರೀಕ್ಷಿಸುವ ಬಗೆಯನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ಡ್ರೈವರ್ ಎಂದರೇನು?

ಡ್ರೈವರ್ ಎಂದೊಡನೆ ಮೋಟಾರು ನಡೆಯಿಸುವವನ ನೆನಪಾಗುವುದು ಸಹಜವೇ. ಆದರೆ ಗಣಕಯಂತ್ರದ ಡ್ರೈವರನ್ನು ದುಭಾಷಿಯೆಂದು ತಿಳಿಯುವುದೇ ಮೇಲು. ಪ್ರಿಂಟರ್, ಸ್ಕ್ಯಾನರ್, ಕ್ಯಾಮೆರಾ, ವೈಫೈ ಚಿಪ್ಪು ಮೊದಲಾದ ಒಂದೊಂದು ಉಪಕರಣಕ್ಕೂ ಅದರದರ ತಯಾರಕರು ಕಲಿಸಿದ ಒಂದೊಂದು ಭಾಷೆಯುಂಟು. ಎಲ್ಲವನ್ನೂ ಆಳುವ ಆಪರೇಟಿಂಗ್ ಸಿಸ್ಟಂಗೆ ಈ ನೂರಾರು ಭಾಷೆಗಳು ಬಾರವು. ಆದುದರಿಂದ ಇಬ್ಬರ ನಡುವೆ ನಿಂತು ಅಲ್ಲಿಯ ಮಾತನ್ನು ಇಲ್ಲಿಗೂ ಇಲ್ಲಿಯ ಮಾತನ್ನು ಅಲ್ಲಿಗೂ ತಿಳಿಸುವ ಸಣ್ಣ ತಂತ್ರಾಂಶವೊಂದು ಬೇಕು. ಅದೇ ಡ್ರೈವರ್.

ಹಳೆಯ ಕಾಲದ ಕಚೇರಿಗೆ ಹೊಸ ಅಧಿಕಾರಿಯೊಬ್ಬರು ಬಂದು, ಅರ್ಜಿಯ ನಮೂನೆ, ಲೆಕ್ಕದ ಪದ್ಧತಿ, ಬಾಗಿಲ ಕಾವಲು ಎಲ್ಲವನ್ನೂ ಬದಲಾಯಿಸಿದರೆಂದು ಭಾವಿಸೋಣ. ದುಭಾಷಿಗೆ ರೈತನ ಮಾತು ಚೆನ್ನಾಗಿಯೇ ತಿಳಿದಿದೆ. ರೈತನೂ ಗಟ್ಟಿಯಾಗಿಯೇ ಇದ್ದಾನೆ. ಆದರೆ ಕಚೇರಿಯ ಹೊಸ ರೀತಿ ದುಭಾಷಿಗೆ ತಿಳಿಯದು. ಕೆಲಸ ನಿಲ್ಲುತ್ತದೆ. ರೈತನನ್ನು ಊರುಬಿಡಿಸುವುದರಿಂದ ಫಲವೇನು? ದುಭಾಷಿಗೆ ಕಲಿಸಬೇಕು, ಇಲ್ಲವೆ ಬೇರೊಬ್ಬ ದುಭಾಷಿಯನ್ನು ನೇಮಿಸಬೇಕು.

ಇನ್ನೊಂದು ಸಂಗತಿಯನ್ನೂ ವಾಚಕರು ಗಮನಿಸಬೇಕು. ನಾವು ಬಳಸುವ ಸಾಧಾರಣ ತಂತ್ರಾಂಶಗಳು ಮನೆಯ ಪಡಸಾಲೆಯಲ್ಲಿ ಕುಳಿತ ಅತಿಥಿಗಳಂತೆ. ಅವುಗಳಲ್ಲೊಂದು ಎಡವಿದರೆ ಅದೊಂದೇ ಬೀಳುತ್ತದೆ. ಡ್ರೈವರುಗಳಲ್ಲಿ ಅನೇಕವು ಕರ್ನೆಲ್ ಎಂಬ ಒಳಮನೆಯಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಒಂದು ಎಡವಿದರೆ ಮನೆಯೆಲ್ಲಾ ನಿಲ್ಲುತ್ತದೆ. 2024ನೆಯ ಇಸವಿ ಜುಲೈ 19ರಂದು ಲೋಕವೆಲ್ಲಾ ಕಂಡ ವಿಪತ್ತು ಇದಕ್ಕೆ ಸಾಕ್ಷಿ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯು ಕಳುಹಿಸಿದ ಒಂದು ಸಣ್ಣ ಕಡತದಲ್ಲಿ ದೋಷವಿತ್ತು. ಒಳಮನೆಯಲ್ಲಿದ್ದ ಅದರ ಡ್ರೈವರ್ ಆ ಕಡತವನ್ನು ಓದಿ ಕುಸಿಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆಯನ್ನು ತೋರಿಸಿ ನಿಂತುಹೋದವು. ವಿಮಾನಗಳು ನಿಂತವು, ಆಸ್ಪತ್ರೆಗಳ ಕೆಲಸ ಕೆಟ್ಟಿತು. ಆ ಯಂತ್ರಗಳ ಕಬ್ಬಿಣ ತಾಮ್ರಗಳಿಗೆ ಏನೂ ಆಗಿರಲಿಲ್ಲ. ಆ ಕಡತವನ್ನು ತೆಗೆದೊಡನೆ ಯಂತ್ರಗಳು ಮೊದಲಿನಂತೆ ಎದ್ದವು. ಡ್ರೈವರನ್ನು ಎಲ್ಲೆಲ್ಲಿಂದಲೋ ತಂದು ಹಾಕಕೂಡದೆಂದು ನಾವು ಮುಂದೆ ಹೇಳುವುದಕ್ಕೆ ಇದೇ ಕಾರಣ.

2. ಬದಲಾವಣೆಯಾದಾಗ ತೊಂದರೆ ಏಕೆ?

ಕಾರಣಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಪದ್ಧತಿಯೇ ಬದಲಾಗುವುದು. 2007ನೆಯ ಇಸವಿ ಜನವರಿ 30ರಂದು ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಾಗ ಚಿತ್ರ ಮತ್ತು ಧ್ವನಿಗಳ ಡ್ರೈವರುಗಳು ನಡೆಯಬೇಕಾದ ರೀತಿಯೇ ಬೇರೆಯಾಯಿತು. ತಯಾರಕರು ಹೊಸ ಡ್ರೈವರುಗಳನ್ನು ಸಕಾಲಕ್ಕೆ ಸಿದ್ಧಪಡಿಸಲಿಲ್ಲವಾದುದರಿಂದ ಗಟ್ಟಿಯಾಗಿದ್ದ ಉಪಕರಣಗಳು ಎಷ್ಟೋ ಮೂಲೆ ಸೇರಿದವು.

ಎರಡನೆಯದು, ಅಳತೆಯ ಭೇದ. ವಿಂಡೋಸ್ 10ರಲ್ಲಿ 32 ಬಿಟ್, 64 ಬಿಟ್ ಎಂಬ ಎರಡು ವಿಧಗಳಿದ್ದವು. 2021ನೆಯ ಇಸವಿ ಅಕ್ಟೋಬರ್ 5ರಂದು ಹೊರಬಂದ ವಿಂಡೋಸ್ 11ರಲ್ಲಿ 64 ಬಿಟ್ ಒಂದೇ ಇದೆ. ಹಳೆಯ 32 ಬಿಟ್ ತಂತ್ರಾಂಶಗಳು ಅದರಲ್ಲಿ ಸಾಮಾನ್ಯವಾಗಿ ನಡೆಯುವವು. ಆದರೆ ಒಳಮನೆಯ ಡ್ರೈವರ್ 32 ಬಿಟ್ಟಿನದಾದರೆ ಎಷ್ಟು ಪ್ರಯತ್ನಪಟ್ಟರೂ ನಡೆಯದು.

ಮೂರನೆಯದು, ಕಾವಲು ಬಿಗಿಯಾಗುವುದು. 64 ಬಿಟ್ ವಿಸ್ಟಾ ಬಂದಂದಿನಿಂದ ಒಳಮನೆಯ ಡ್ರೈವರಿಗೆ ವಿಶ್ವಾಸಾರ್ಹವಾದ ಡಿಜಿಟಲ್ ಸಹಿ ಬೇಕು. ವಿಂಡೋಸ್ 11ರಲ್ಲಿ 'ಕೋರ್ ಐಸೊಲೇಷನ್' ಎಂಬ ಶೀರ್ಷಿಕೆಯ ಕೆಳಗೆ 'ಮೆಮೊರಿ ಇಂಟೆಗ್ರಿಟಿ' ಎಂಬ ಇನ್ನೊಂದು ಕಾವಲುಂಟು. ಅದು ತನ್ನ ನಿಯಮಗಳಿಗೆ ಒಪ್ಪದ ಹಳೆಯ ಡ್ರೈವರುಗಳನ್ನು ಒಳಗೆ ಬಿಡುವುದಿಲ್ಲ.

ನಾಲ್ಕನೆಯದು, ಅಪ್‌ಡೇಟ್ ತಾನೇ ತಯಾರಕರ ಡ್ರೈವರನ್ನು ತೆಗೆದು ಸಾಮಾನ್ಯ ಡ್ರೈವರೊಂದನ್ನು ಹಾಕುವುದು, ಅಥವಾ ಅಪ್‌ಡೇಟಿನಲ್ಲಿಯೇ ದೋಷವಿರುವುದು. 2025ನೆಯ ಇಸವಿ ಜನವರಿಯ ಕೊನೆಯಲ್ಲಿ ಬಂದ ಒಂದು ಅಪ್‌ಡೇಟಿನ ತರುವಾಯ ವಿಂಡೋಸ್ 11ರ ಕೆಲವು ಆವೃತ್ತಿಗಳಿಗೆ ಯುಎಸ್‌ಬಿ ತಂತಿಯಿಂದ ಜೋಡಿಸಿದ್ದ ಕೆಲವು ಪ್ರಿಂಟರುಗಳು ಯಾರೂ ಕೇಳದೆಯೇ ಅರ್ಥವಿಲ್ಲದ ಅಕ್ಷರಗಳನ್ನು ಹಾಳೆಯ ಮೇಲೆ ಅಚ್ಚು ಹಾಕತೊಡಗಿದವು. ನೋಡಿದವರಿಗೆ ಪ್ರಿಂಟರಿಗೆ ಭ್ರಮೆ ಹಿಡಿದಂತೆ ತೋರಿರಬೇಕು. ವಾಸ್ತವವಾಗಿ, ಯಂತ್ರಗಳು ತಮ್ಮೊಳಗೆ ಆಡಿಕೊಳ್ಳಬೇಕಾಗಿದ್ದ ಮಾತನ್ನೇ ಡ್ರೈವರ್ ಅಚ್ಚಿಗೆ ಕಳುಹಿಸುತ್ತಿತ್ತು. ಮಾರ್ಚ್ ಕೊನೆಯ ಅಪ್‌ಡೇಟಿನಲ್ಲಿ ಅದಕ್ಕೆ ಪರಿಹಾರ ದೊರೆಯಿತು. ಅಷ್ಟರೊಳಗೆ ಪ್ರಿಂಟರನ್ನು ಗುಜರಿಗೆ ಕೊಟ್ಟವರಿದ್ದರೆ ಅವರ ನಷ್ಟವು ಅವಸರದಿಂದ ಬಂದ ನಷ್ಟವೇ ಸರಿ.

3. ಅಪ್‌ಡೇಟಿಗೆ ಮುಂಚೆ ಮಾಡತಕ್ಕದ್ದು

ಮಳೆಗೆ ಮುಂಚೆ ಹೆಂಚು ಕೈಯಾಡಿಸುವುದು ಗೃಹಸ್ಥರ ಜಾಣತನ. ಅದರಂತೆ ದೊಡ್ಡ ಅಪ್‌ಡೇಟನ್ನು ಆರಂಭಿಸುವುದಕ್ಕೆ ಮುಂಚೆ ಈ ಸಂಗತಿಗಳನ್ನು ನೋಡಿಕೊಳ್ಳಬೇಕು.

ಛಾಯಾಚಿತ್ರಗಳು, ಪತ್ರಗಳು, ಮಕ್ಕಳ ಪಾಠದ ಕಡತಗಳು ಇವೆಲ್ಲವನ್ನೂ ಬೇರೊಂದು ಡಿಸ್ಕಿನಲ್ಲಿ ಪ್ರತಿಮಾಡಿ ಇಡಬೇಕು. ಯಂತ್ರದ ಮತ್ತು ಪ್ರಿಂಟರಿನ ಮಾದರಿ ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅವು ಸಾಮಾನ್ಯವಾಗಿ ಅಡಿಯಲ್ಲಿಯೋ ಹಿಂಬದಿಯಲ್ಲಿಯೋ ಅಂಟಿಸಿದ ಚೀಟಿಯ ಮೇಲೆ ಇರುತ್ತವೆ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗುಪ್ತಲಿಪಿಯ ರಕ್ಷಣೆಯಿದ್ದರೆ ಅದರ 48 ಅಂಕಿಗಳ ಬೀಗದ ಸಂಖ್ಯೆಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದುಕೊಳ್ಳಬೇಕು. ದುರಸ್ತಿಯ ಸಮಯದಲ್ಲಿ ಯಂತ್ರವು ಅದನ್ನು ಕೇಳಬಹುದು. ಆಗ ಅದು ಇಲ್ಲದಿದ್ದರೆ ನಮ್ಮ ಮನೆಗೆ ನಾವೇ ಹೊರಗಿನವರಾಗುವೆವು. ಕೊನೆಯದಾಗಿ, ವೈಫೈ ಡ್ರೈವರನ್ನು ತಯಾರಕರ ತಾಣದಿಂದ ಮೊದಲೇ ಇಳಿಸಿ ಒಂದು ಪೆನ್‌ಡ್ರೈವಿನಲ್ಲಿ ಇಡಬೇಕು. ವೈಫೈ ಸತ್ತ ಮೇಲೆ ಅದರ ಔಷಧವನ್ನು ವೈಫೈಯಿಂದಲೇ ತರಿಸುವುದು ಹೇಗೆ?

ಹೀಗೆ ಮಾಡಲು ಮರೆತವರೂ ಹೆದರಬೇಕಾಗಿಲ್ಲ. ಆಂಡ್ರಾಯ್ಡ್ ಫೋನನ್ನು ತಂತಿಯಿಂದ ಯಂತ್ರಕ್ಕೆ ಜೋಡಿಸಿ, ಫೋನಿನಲ್ಲಿ 'ಯುಎಸ್‌ಬಿ ಟೆದರಿಂಗ್' ಎಂಬುದನ್ನು ತೆರೆದರೆ ಫೋನಿನ ಅಂತರ್ಜಾಲವೇ ಯಂತ್ರಕ್ಕೆ ಹರಿಯುವುದು.

4. ದೋಷವನ್ನು ಓದುವ ಕ್ರಮ

ವೈದ್ಯರು ನಾಡಿ ನೋಡದೆ ಔಷಧ ಕೊಡುವುದಿಲ್ಲ. ಇಲ್ಲಿಯೂ ಮೊದಲು ರೋಗವನ್ನು ಗುರುತಿಸತಕ್ಕದ್ದು. ಕೀಲಿಮಣೆಯಲ್ಲಿ ವಿಂಡೋಸ್ ಚಿಹ್ನೆಯ ಕೀಲಿಯನ್ನೂ 'ಎಕ್ಸ್' ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ 'ಡಿವೈಸ್ ಮ್ಯಾನೇಜರ್' ಎಂಬುದನ್ನು ಆರಿಸಬೇಕು. ಯಂತ್ರದಲ್ಲಿರುವ ಉಪಕರಣಗಳು ಅಲ್ಲಿ ಕುಟುಂಬದ ವಂಶವೃಕ್ಷದಂತೆ ಕಾಣುತ್ತವೆ. ಯಾವುದರ ಪಕ್ಕದಲ್ಲಿ ಹಳದಿಯ ತ್ರಿಕೋಣವೂ ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆಯೂ ಇದೆಯೋ ಅದಕ್ಕೆ ತೊಂದರೆಯಿದೆ. ಅದರ ಮೇಲೆ ಎರಡು ಸಲ ಒತ್ತಿದರೆ ಒಂದು ಸಂಖ್ಯೆ ದೊರೆಯುವುದು. ಆ ಸಂಖ್ಯೆಯೇ ನಾಡಿ.

28 ಎಂದಿದ್ದರೆ ಡ್ರೈವರೇ ಇಲ್ಲವೆಂದು ಅರ್ಥ. 10 ಎಂದಿದ್ದರೆ ಉಪಕರಣವು ಆರಂಭವಾಗಲಾರದೆ ಇದೆ. 22 ಎಂದರೆ ಯಾರೋ ಅದನ್ನು ನಿಲ್ಲಿಸಿಟ್ಟಿದ್ದಾರೆ. ಮತ್ತೆ ಚಾಲನೆ ಕೊಟ್ಟರೆ ಸಾಕು. 43 ಎಂದರೆ ಉಪಕರಣವೇ ತನಗೆ ತೊಂದರೆಯಿದೆಯೆಂದು ತಿಳಿಸಿರುವುದರಿಂದ ವ್ಯವಸ್ಥೆಯು ಅದನ್ನು ನಿಲ್ಲಿಸಿದೆ. 45 ಎಂದರೆ ಉಪಕರಣವು ಜೋಡಣೆಯಾಗಿಲ್ಲ, ತಂತಿಯನ್ನು ನೋಡಬೇಕು. 52 ಎಂದರೆ ಡ್ರೈವರಿನ ಸಹಿಯನ್ನು ಪರಿಶೀಲಿಸಲು ಆಗಲಿಲ್ಲ.

ಉಪಕರಣದ ಹೆಸರೇ ತಿಳಿಯದೆ 'ಅನ್‌ನೋನ್ ಡಿವೈಸ್' ಎಂದಿದ್ದರೆ 'ಡೀಟೇಲ್ಸ್' ಎಂಬ ಪುಟದಲ್ಲಿ 'ಹಾರ್ಡ್‌ವೇರ್ ಐಡಿಸ್' ಎಂಬುದನ್ನು ನೋಡಬೇಕು. ಅಲ್ಲಿ ತಯಾರಕರ ಗುರುತು ಇರುತ್ತದೆ. ಯಂತ್ರದೊಳಗಿನ ಚಿಪ್ಪುಗಳಲ್ಲಿ 8086 ಎಂಬುದು ಇಂಟೆಲ್ ಸಂಸ್ಥೆಯ ಗುರುತು. 10ಇಸಿ ಎಂಬುದು ರಿಯಲ್‌ಟೆಕ್. 10ಡಿಇ ಎಂಬುದು ಎನ್ವಿಡಿಯಾ. ಕುಲ ತಿಳಿದ ಮೇಲೆ ಮನೆಯನ್ನು ಹುಡುಕುವುದು ಕಷ್ಟವಲ್ಲ.

5. ಚಿಕಿತ್ಸೆಯ ಕ್ರಮ

ಇಲ್ಲಿ ಒಂದು ನಿಯಮವನ್ನು ದೃಢವಾಗಿ ಹಿಡಿಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ಫಲವನ್ನು ನೋಡಿ, ಬರೆದಿಟ್ಟುಕೊಂಡು, ಆಮೇಲೆ ಮುಂದಿನದನ್ನು ಮಾಡತಕ್ಕದ್ದು. ನಾಲ್ಕು ಔಷಧಗಳನ್ನು ಒಟ್ಟಿಗೆ ಕುಡಿದವರಿಗೆ ಯಾವುದರಿಂದ ಗುಣವಾಯಿತೆಂಬುದೂ ತಿಳಿಯದು, ಯಾವುದರಿಂದ ಕೆಟ್ಟಿತೆಂಬುದೂ ತಿಳಿಯದು. ಸುಲಭವಾದುದರಿಂದ ಕಠಿನವಾದುದಕ್ಕೆ ಹೋಗುವ ಮೆಟ್ಟಿಲುಗಳು ಹೀಗಿವೆ.

(ಅ) ಯಂತ್ರವನ್ನು 'ರೀಸ್ಟಾರ್ಟ್' ಮಾಡಬೇಕು. 'ಶಟ್ ಡೌನ್' ಮಾಡಿ ಮತ್ತೆ ಹಚ್ಚುವುದು ಇದಕ್ಕೆ ಸಮಾನವಲ್ಲ. 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡು ಇರುವ ಯಂತ್ರಗಳಲ್ಲಿ ಶಟ್ ಡೌನ್ ಮಾಡಿದರೂ ಒಳಮನೆಯ ಸ್ಥಿತಿ ಡಿಸ್ಕಿನಲ್ಲಿ ಹಾಗೆಯೇ ಉಳಿದು ಮತ್ತೆ ಬರುತ್ತದೆ. ರೀಸ್ಟಾರ್ಟ್ ಮಾಡಿದಾಗಲೇ ಎಲ್ಲವೂ ಹೊಸದಾಗಿ ಆರಂಭವಾಗುವುದು.

(ಆ) 'ಸೆಟ್ಟಿಂಗ್ಸ್' ಎಂಬಲ್ಲಿ 'ವಿಂಡೋಸ್ ಅಪ್‌ಡೇಟ್' ತೆರೆದು ಉಳಿದ ಅಪ್‌ಡೇಟುಗಳನ್ನು ಮುಗಿಸಬೇಕು. ಅದರ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ 'ಆಪ್ಷನಲ್ ಅಪ್‌ಡೇಟ್ಸ್' ಎಂಬ ಮೂಲೆಯೊಂದಿದೆ. ಬೇಕಾದ ಡ್ರೈವರ್ ಎಷ್ಟೋ ಸಲ ಅಲ್ಲಿಯೇ ಕಾದು ಕುಳಿತಿರುತ್ತದೆ.

(ಇ) ಹಿಂದಿನ ಡ್ರೈವರ್ ಸರಿಯಾಗಿದ್ದು ಹೊಸದು ಕೆಟ್ಟಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ ಆ ಉಪಕರಣದ 'ಡ್ರೈವರ್' ಪುಟದಲ್ಲಿರುವ 'ರೋಲ್ ಬ್ಯಾಕ್ ಡ್ರೈವರ್' ಎಂಬುದನ್ನು ಒತ್ತಬೇಕು. ಆ ಗುಂಡಿ ಮಸುಕಾಗಿದ್ದರೆ ಹಿಂದಿನ ಪ್ರತಿ ಉಳಿದಿಲ್ಲವೆಂದು ತಿಳಿಯತಕ್ಕದ್ದು.

(ಈ) ಅದೂ ಆಗದಿದ್ದರೆ 'ಅನ್‌ಇನ್‌ಸ್ಟಾಲ್ ಡಿವೈಸ್' ಮಾಡಿ ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ವ್ಯವಸ್ಥೆಯು ಉಪಕರಣವನ್ನು ಹೊಸದಾಗಿ ಗುರುತಿಸುತ್ತದೆ. ಪ್ರಿಂಟರಾದರೆ 'ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್' ಎಂಬಲ್ಲಿ ಅದನ್ನು ತೆಗೆದು, ತಂತಿ ಕಳಚಿ, ರೀಸ್ಟಾರ್ಟ್ ಮಾಡಿ, ಮತ್ತೆ ಸೇರಿಸಬೇಕು. ಈಚಿನ ಅನೇಕ ಪ್ರಿಂಟರುಗಳು ಐಪಿಪಿ ಎಂಬ ಸಾಮಾನ್ಯ ಭಾಷೆಯನ್ನು ಬಲ್ಲವು. ಅವುಗಳಿಗೆ ವಿಂಡೋಸ್‌ನಲ್ಲಿಯೇ ಇರುವ ಡ್ರೈವರ್ ಸಾಕು.

(ಉ) ಮುಂದಿನದು ತಯಾರಕರ ತಾಣ. ಲ್ಯಾಪ್‌ಟಾಪಾದರೆ ಮೊದಲು ಅದನ್ನು ತಯಾರಿಸಿದವರ ತಾಣಕ್ಕೆ, ಅಲ್ಲಿ ಸಿಗದಿದ್ದರೆ ಚಿಪ್ಪು ತಯಾರಿಸಿದವರ ತಾಣಕ್ಕೆ ಹೋಗಬೇಕು. ಬರೆದಿಟ್ಟ ಮಾದರಿ ಸಂಖ್ಯೆ ಇಲ್ಲಿ ಉಪಯೋಗಕ್ಕೆ ಬರುವುದು. ದೊಡ್ಡ ಸಂಖ್ಯೆಯ ಡ್ರೈವರೇ ಒಳ್ಳೆಯದೆಂದು ಭಾವಿಸಕೂಡದು. ಇಂಟೆಲ್ ಸಂಸ್ಥೆಯ 'ಸ್ಮಾರ್ಟ್ ಸೌಂಡ್' ಎಂಬ ಧ್ವನಿಯ ಡ್ರೈವರಿನ ಕಥೆಯನ್ನು ನೋಡಿರಿ. ಅದರ ಕೆಲವು ಪ್ರತಿಗಳಿಂದ 11ನೆಯ ತಲೆಮಾರಿನ ಇಂಟೆಲ್ ಕೋರ್ ಯಂತ್ರಗಳಲ್ಲಿ ವಿಂಡೋಸ್ 11 ನೀಲಿ ಪರದೆ ತೋರಿಸುತ್ತಿದ್ದುದರಿಂದ ಮೈಕ್ರೋಸಾಫ್ಟ್ ಸಂಸ್ಥೆಯವರು ಅಂಥ ಯಂತ್ರಗಳಿಗೆ ಅಪ್‌ಡೇಟನ್ನೇ ತಡೆಹಿಡಿದರು. 10.29 ಎಂದು ಆರಂಭವಾಗುವ ಮತ್ತು 10.30 ಎಂದು ಆರಂಭವಾಗುವ ಎರಡು ಸಾಲುಗಳಲ್ಲಿಯೂ ಕೊನೆಯ ಭಾಗ 5152 ಆಗಿದ್ದರೆ ದೋಷ. 5714 ಅಥವಾ ಮುಂದಿನದಾಗಿದ್ದರೆ ಗುಣ. ಆದುದರಿಂದ ನಮ್ಮ ಯಂತ್ರಕ್ಕೆ ಒಪ್ಪುವ ಡ್ರೈವರ್ ಯಾವುದೆಂದು ಓದಿಯೇ ಹಾಕಬೇಕು. ಅಪ್‌ಡೇಟ್ ನಮಗೆ ಇನ್ನೂ ಬಂದಿಲ್ಲವಾದರೆ ಅದು ಇಂಥ ತಡೆಯಿಂದಲೂ ಆಗಿರಬಹುದು. ಬಲವಂತದಿಂದ ಹಾಕಿಕೊಳ್ಳುವುದು ವಿವೇಕವಲ್ಲ.

(ಊ) ಕಾವಲಿನಿಂದ ತಡೆಯಾಗಿದ್ದರೆ 'ವಿಂಡೋಸ್ ಸೆಕ್ಯೂರಿಟಿ' ಎಂಬಲ್ಲಿ 'ಡಿವೈಸ್ ಸೆಕ್ಯೂರಿಟಿ', ಅದರೊಳಗೆ 'ಕೋರ್ ಐಸೊಲೇಷನ್' ಪುಟವನ್ನು ನೋಡಬೇಕು. ಮೆಮೊರಿ ಇಂಟೆಗ್ರಿಟಿಯನ್ನು ಚಾಲನೆಗೆ ತರುವಾಗ ಒಪ್ಪದ ಡ್ರೈವರುಗಳಿದ್ದರೆ ಅವುಗಳ ಹೆಸರನ್ನು ಅದು ತಿಳಿಸುತ್ತದೆ. ಒಂದು ಹಳೆಯ ಕ್ಯಾಮೆರಾದ ಸಲುವಾಗಿ ಆ ಕಾವಲನ್ನೇ ತೆಗೆದುಹಾಕುವುದು, ಒಂದು ಬೆಕ್ಕು ಒಳಗೆ ಬರಲೆಂದು ರಾತ್ರಿಯೆಲ್ಲಾ ಹೆಬ್ಬಾಗಿಲನ್ನು ತೆರೆದಿಟ್ಟಂತೆ. ಹೊಸ ಡ್ರೈವರನ್ನು ಹುಡುಕುವುದೇ ಸರಿಯಾದ ದಾರಿ.

(ಋ) ಯಂತ್ರವೇ ಏಳದೆ ನೀಲಿ ಪರದೆಯಲ್ಲಿ ಸುತ್ತುತ್ತಿದ್ದರೆ 'ಸೇಫ್ ಮೋಡ್' ಎಂಬ ಆಶ್ರಯವುಂಟು. ಅಲ್ಲಿ ಅತ್ಯವಶ್ಯವಾದ ಡ್ರೈವರುಗಳು ಮಾತ್ರ ನಡೆಯುತ್ತವೆ. ಯಂತ್ರವು ಮತ್ತೆ ಮತ್ತೆ ಏಳಲಾರದೆ ಹೋದಾಗ ದುರಸ್ತಿಯ ಪುಟವು ತಾನಾಗಿ ಬರುವುದು. ಅಲ್ಲಿ 'ಟ್ರಬಲ್‌ಶೂಟ್', 'ಅಡ್ವಾನ್ಸ್ಡ್ ಆಪ್ಷನ್ಸ್', 'ಸ್ಟಾರ್ಟಪ್ ಸೆಟ್ಟಿಂಗ್ಸ್' ಎಂದು ಕ್ರಮವಾಗಿ ಹೋಗಿ, ರೀಸ್ಟಾರ್ಟ್ ಆದ ಮೇಲೆ 4 ಎಂಬ ಕೀಲಿಯನ್ನು ಒತ್ತಬೇಕು. ಒಳಗೆ ಹೋಗಿ ಕೆಟ್ಟ ಡ್ರೈವರನ್ನು ತೆಗೆದು ಹೊರಬರಬಹುದು.

6. ಹತ್ತು ದಿನಗಳ ಗಡುವು

ಮೇಲೆ ಹೇಳಿದುದೆಲ್ಲಾ ವಿಫಲವಾದರೆ ಹಿಂದಿರುಗುವ ದಾರಿಯೊಂದಿದೆ. 'ಸೆಟ್ಟಿಂಗ್ಸ್', 'ಸಿಸ್ಟಂ', 'ರಿಕವರಿ' ಎಂಬಲ್ಲಿ 'ಗೋ ಬ್ಯಾಕ್' ಎಂಬುದನ್ನು ಆರಿಸಿದರೆ ಯಂತ್ರವು ಹಿಂದಿನ ವ್ಯವಸ್ಥೆಗೆ ಮರಳುವುದು. ಆದರೆ ಇದಕ್ಕೆ ಸಾಮಾನ್ಯವಾಗಿ 10 ದಿನಗಳ ಅವಕಾಶ ಮಾತ್ರ ಇದೆ. ಹಳೆಯ ವ್ಯವಸ್ಥೆಯನ್ನು ಯಂತ್ರವು 'ವಿಂಡೋಸ್ ಓಲ್ಡ್' ಎಂಬ ಕೋಶದಲ್ಲಿ ಇಟ್ಟುಕೊಂಡಿರುತ್ತದೆ; ಗಡುವು ಮುಗಿದ ಮೇಲೆ ಅದನ್ನು ಅಳಿಸಿಬಿಡುತ್ತದೆ. ಸ್ಥಳ ಉಳಿಸಲೆಂದು ನಾವೇ ಅದನ್ನು ಅಳಿಸಿದರೂ ದಾರಿ ಮುಚ್ಚುವುದು. ಆದುದರಿಂದ ಅಪ್‌ಡೇಟ್ ಆದ ಮೊದಲನೆಯ ವಾರದಲ್ಲಿಯೇ ಪ್ರಿಂಟರ್, ಸ್ಕ್ಯಾನರ್, ಕ್ಯಾಮೆರಾ, ಧ್ವನಿ, ಬ್ಲೂಟೂತ್ ಪ್ರತಿಯೊಂದನ್ನೂ ಒಮ್ಮೆ ಪರೀಕ್ಷಿಸಿ ನೋಡಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಮಗುವಿನ ಪ್ರವೇಶಪತ್ರವನ್ನು ಅಚ್ಚು ಹಾಕಲು ಕುಳಿತಾಗ ಪ್ರಿಂಟರ್ ನಿಂತಿದೆಯೆಂದು ತಿಳಿದರೆ ಆಗುವ ಸಂಕಟವನ್ನು ತಾಯಂದಿರೇ ಬಲ್ಲರು.

ಹಿಂದಿರುಗುವುದು ತಾತ್ಕಾಲಿಕ ಉಪಾಯವೆಂಬುದನ್ನೂ ಮರೆಯಕೂಡದು. ಬೆಂಬಲ ಮುಗಿದ ವ್ಯವಸ್ಥೆಯಲ್ಲಿ ಬಹುಕಾಲ ಇರುವುದು ಬಾಗಿಲಿಲ್ಲದ ಮನೆಯಲ್ಲಿ ಮಲಗಿದಂತೆ. ತಯಾರಕರು ಹೊಸ ಡ್ರೈವರನ್ನು ಕೊಡುವುದೇ ಇಲ್ಲವೆಂದಾದರೂ ಉಪಕರಣದ ಆಯುಸ್ಸು ಮುಗಿಯಲಿಲ್ಲ. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯಲ್ಲಿ 'ಸೇನ್' ಎಂಬ ತಂತ್ರಾಂಶದ ಮೂಲಕ ಎಷ್ಟೋ ಹಳೆಯ ಸ್ಕ್ಯಾನರುಗಳು ಇಂದಿಗೂ ಕೆಲಸ ಮಾಡುತ್ತಿವೆ.

7. ವಂಚಕರ ವಿಷಯವಾಗಿ ಎಚ್ಚರಿಕೆ

ರೋಗಿಯ ಮನೆಯ ಮುಂದೆ ಮೊದಲು ನಿಲ್ಲುವವನು ನಕಲಿ ವೈದ್ಯನೇ. ಡ್ರೈವರ್ ಎಂದು ಹುಡುಕಿದೊಡನೆ, ಎಲ್ಲಾ ಡ್ರೈವರುಗಳನ್ನೂ ಒಂದೇ ಕ್ಷಣದಲ್ಲಿ ಸರಿಮಾಡುವೆವೆಂದು ಹೇಳುವ ತಂತ್ರಾಂಶಗಳು ಮುಂದೆ ಬರುತ್ತವೆ. ಅವುಗಳಿಂದ ದೂರವಿರುವುದು ಲೇಸು. ಒಳಮನೆಗೆ ಬರತಕ್ಕವರನ್ನು ಬೀದಿಯಿಂದ ಕರೆತರಕೂಡದು. ಮತ್ತೆ ಕೆಲವರು, ನಿಮ್ಮ ಯಂತ್ರಕ್ಕೆ ಅಪಾಯವಿದೆ, ಈ ಸಂಖ್ಯೆಗೆ ಕರೆಮಾಡಿರೆಂದು ಪರದೆಯನ್ನೆಲ್ಲಾ ತುಂಬುವ ಪ್ರಕಟನೆಯನ್ನು ತೋರಿಸುವರು. ಮೈಕ್ರೋಸಾಫ್ಟ್ ಸಂಸ್ಥೆಯ ನಿಜವಾದ ದೋಷಸೂಚನೆಗಳಲ್ಲಿ ದೂರವಾಣಿ ಸಂಖ್ಯೆ ಎಂದಿಗೂ ಇರುವುದಿಲ್ಲ; ಅವರು ಕೇಳದೆ ಯಾರಿಗೂ ಕರೆಮಾಡುವುದೂ ಇಲ್ಲ. ಅಪರಿಚಿತರಿಗೆ ಯಂತ್ರದ ಹಿಡಿತವನ್ನಾಗಲಿ, ಬ್ಯಾಂಕಿನ ಗುಪ್ತ ಸಂಖ್ಯೆಯನ್ನಾಗಲಿ ಕೊಡಕೂಡದು. ಹಣ ಹೋದದ್ದು ತಿಳಿದ ಕೂಡಲೆ ಭಾರತದಲ್ಲಿರುವವರು 1930 ಎಂಬ ಸರಕಾರದ ಸಹಾಯವಾಣಿಗೆ ತಿಳಿಸಬೇಕು. ತಡಮಾಡಿದಷ್ಟೂ ಹಣವನ್ನು ತಡೆಯುವುದು ಕಷ್ಟವಾಗುವುದು.

ಈ ವಿದ್ಯೆಯೇನೂ ಗಹನವಾದುದಲ್ಲ. ಲೆಕ್ಕದ ಪಾಠದಲ್ಲಿ ಉತ್ತರ ತಪ್ಪಿದಾಗ ಹಲಗೆಯನ್ನು ಒಡೆಯುವವರಿಲ್ಲ. ಯಾವ ಸಾಲಿನಲ್ಲಿ ತಪ್ಪಿದೆಯೆಂದು ಮೇಲಿನಿಂದ ನೋಡುತ್ತಾ ಬರುತ್ತೇವೆ. ಯಂತ್ರದ ಮುಂದೆಯೂ ಅದೇ ತಾಳ್ಮೆ ಸಾಕು. ಮುಂದೆ ಮನೆಯಲ್ಲಿ ಪ್ರಿಂಟರ್ ನಿಂತಾಗ ನಮ್ಮ ಸಹೋದರಿಯರು ಅಣ್ಣನನ್ನೋ ಅಂಗಡಿಯವನನ್ನೋ ಕರೆಯುವುದಕ್ಕೆ ಮುಂಚೆ ಡಿವೈಸ್ ಮ್ಯಾನೇಜರನ್ನು ತೆರೆದು ಆ ಸಂಖ್ಯೆಯನ್ನು ಓದಲಿ. ತಮ್ಮ ಹೆಣ್ಣುಮಕ್ಕಳನ್ನೂ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಓದಿಸಲಿ. ದೋಷವನ್ನು ಓದಲು ಕಲಿತ ಕೈಯಿಂದ ಗಟ್ಟಿಯಾದ ಉಪಕರಣವು ಸುಮ್ಮನೆ ಗುಜರಿಗೆ ಹೋಗುವುದಿಲ್ಲ.